ರೀಡಿಂಗ್ ಬಂತು, ಎದ್ದು ಹೋಗುವವರು ಯಾರು?

ಮೈಸೂರಿನ ಹಳೆಯ ಬಡಾವಣೆಗಳಲ್ಲಿ, ಬೆಂಗಳೂರಿನ ಜಯನಗರ, ಮಲ್ಲೇಶ್ವರಗಳಲ್ಲಿ, ಮಲೆನಾಡಿನ ಒಂಟಿಮನೆಗಳಲ್ಲಿ ಈಗ ವಯಸ್ಸಾದ ಇಬ್ಬರೇ, ಕೆಲವೊಮ್ಮೆ ಒಬ್ಬರೇ ಇರುವ ಮನೆಗಳು ಬೇಕಾದಷ್ಟಿವೆ. 2011ರ ಜನಗಣತಿಯ ಹೊತ್ತಿಗೇ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಹೆಚ್ಚಿದ್ದರು. ಮಕ್ಕಳು ಪುಣೆಯಲ್ಲೋ ಡಲ್ಲಾಸ್‌ನಲ್ಲೋ ಇರುತ್ತಾರೆ. ಅಮ್ಮನ ಬಿಪಿ, ಅಪ್ಪನ ಶುಗರ್, ರಾತ್ರಿ ಯಾರಾದರೂ ಎದ್ದು ಬಿದ್ದರೆ ಅದರ ಸುದ್ದಿ, ಇಷ್ಟೂ ನಮ್ಮ ಫೋನಿನಲ್ಲಿ ಕಾಣುವಂತೆ ಮಾಡಬಹುದೆ ಎಂದು ಅವರು ಕೇಳುತ್ತಾರೆ. ಮಾಡಬಹುದು. ಬೇಕಾದ ಯಂತ್ರಗಳು ಔಷಧಿ ಅಂಗಡಿಯಲ್ಲೇ ಸಿಗುತ್ತವೆ. ಕೈಯಾರೆ ಕಟ್ಟಿಕೊಳ್ಳುವ ಹುಮ್ಮಸ್ಸಿದ್ದರೆ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸೆನ್ಸರ್‌ಗಳೂ ಸಿಗುತ್ತವೆ. ಯಂತ್ರದಿಂದ ಫೋನಿನವರೆಗಿನ ದಾರಿಗೆ ವೆಬ್ ಎಪಿಐ ಎನ್ನುತ್ತಾರೆ. ಈ ವಿಷಯದಲ್ಲಿ ಹದಿನೈದಿಪ್ಪತ್ತು ವರ್ಷಗಳಿಂದ ನಡೆದಿರುವುದನ್ನು ಒಟ್ಟಿಗೆ ಇಟ್ಟು ನೋಡಿದರೆ ಅಂಕಿಗಳನ್ನು ಸಾಗಿಸುವ ಕೆಲಸ ಹೆಚ್ಚುಕಡಿಮೆ ಬಗೆಹರಿದಿದೆ ಅನ್ನಿಸುತ್ತದೆ. ಅಂಕಿ ಬಾರದೇ ಹೋದರೆ ಏನು, ಬಂದರೆ ಎದ್ದು ಹೋಗುವವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಮಾತ್ರ ಬಹಳಷ್ಟು ವ್ಯವಸ್ಥೆಗಳು ಕೇಳಿಕೊಂಡೇ ಇಲ್ಲ.

ಎಪಿಐ ಎಂದರೇನೆಂದು ಹೇಳಿ ಮುಂದೆ ಹೋಗೋಣ. ಹಾಲಿನ ಸೊಸೈಟಿಯ ಕಿಟಕಿಯಲ್ಲಿ ನಿಮ್ಮ ನಂಬರ್ ಹೇಳಿ ಕ್ಯಾನ್ ಕೊಟ್ಟರೆ ಒಳಗಿನವರು ಅಳೆದು, ಲೆಕ್ಕಕ್ಕೆ ಹತ್ತಿಸಿ, ಚೀಟಿ ಕೊಡುತ್ತಾರೆ. ಒಳಗಿರುವುದು ಯಾವ ಯಂತ್ರ, ಯಾವ ಲೆಕ್ಕದ ಪುಸ್ತಕ ಎಂಬ ಉಸಾಬರಿ ಹೊರಗಿನವರಿಗೆ ಬೇಡ. ಎಪಿಐ ಅಂಥದೊಂದು ಕಿಟಕಿ. ಹೊರಗೆ ನಿಂತಿರುವುದು ಮನುಷ್ಯನಲ್ಲ, ಇನ್ನೊಂದು ಪ್ರೋಗ್ರಾಂ, ಅಷ್ಟೇ ವ್ಯತ್ಯಾಸ. ಇವತ್ತು ವೆಬ್‌ನಲ್ಲಿ ಇಂಥ ಕಿಟಕಿಗಳನ್ನು ಕಟ್ಟುವ ಕ್ರಮಕ್ಕೆ ರೆಸ್ಟ್ ಎಂಬ ಹೆಸರು ಬಂದದ್ದು ರಾಯ್ ಫೀಲ್ಡಿಂಗ್ 2000ದಲ್ಲಿ ಬರೆದ ಪಿಎಚ್‌.ಡಿ. ಪ್ರಬಂಧದಿಂದ. ಆರೈಕೆಯ ಲೋಕಕ್ಕೆ ಅದು ತಲುಪುವಷ್ಟರಲ್ಲಿ ಹತ್ತು ಹನ್ನೆರಡು ವರ್ಷ ಕಳೆದಿತ್ತು.

ಮನೆಯ ಆರೈಕೆಗೆ ವೆಬ್ ಎಪಿಐ ಹೇಗೆ ಒದಗುತ್ತದೆ ಎಂಬುದಕ್ಕೆ ಇರುವ ಅತ್ಯುತ್ತಮ ಉದಾಹರಣೆಯನ್ನು ಕಟ್ಟಿದವರು ಅಪ್ಪಅಮ್ಮಂದಿರು. ಜಾನ್ ಕಾಸ್ಟಿಕ್ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಾಫ್ಟ್‌ವೇರ್ ಇಂಜಿನಿಯರ್. 2012ರಲ್ಲಿ ಅವರ ಪುಟ್ಟ ಮಗನಿಗೆ ಟೈಪ್ 1 ಡಯಾಬಿಟಿಸ್ ಇದೆಯೆಂದು ಗೊತ್ತಾಯಿತು. ಐದು ನಿಮಿಷಕ್ಕೊಮ್ಮೆ ಶುಗರ್ ಅಳೆಯುವ ಡೆಕ್ಸ್‌ಕಾಮ್ ಸೆನ್ಸರ್ ಹಾಕಿಸಿದರು. ಅಂಕಿ ಮಾತ್ರ ಮಗುವಿನ ಹತ್ತಿರವೇ ಇಡಬೇಕಾದ ಪುಟ್ಟ ರಿಸೀವರ್‌ನಲ್ಲಿ ಕಾಣುತ್ತಿತ್ತು. ಮಗು ಒಂದು ಕಡೆ, ಅಪ್ಪ ಆಫೀಸಿನಲ್ಲಿ. 2013ರಲ್ಲಿ ಕಾಸ್ಟಿಕ್ ಆ ರಿಸೀವರ್‌ನ ಯುಎಸ್‌ಬಿ ಕೇಬಲ್‌ನಿಂದ ಅಂಕಿಗಳನ್ನು ಹೊರಗೆಳೆದು ಇಂಟರ್‌ನೆಟ್ಟಿಗೆ ಏರಿಸುವ ಪ್ರೋಗ್ರಾಂ ಬರೆದರು. ಕೂತಲ್ಲೇ ಮಗನ ಶುಗರ್ ಕಾಣತೊಡಗಿತು. ಇದನ್ನು ಕಂಡ ಬೇರೆ ತಂದೆತಾಯಂದಿರೂ ಸೇರಿಕೊಂಡರು. ಹೀಗೆ ಹುಟ್ಟಿದ್ದು ನೈಟ್‌ಸ್ಕೌಟ್. ಯಾರು ಬೇಕಾದರೂ ತೆಗೆದುಕೊಂಡು ತಮ್ಮದೇ ಸರ್ವರ್‌ನಲ್ಲಿ ನಡೆಸಬಹುದಾದ, ರೆಸ್ಟ್ ಎಪಿಐ ಇರುವ ತಂತ್ರಾಂಶ ಅದು. ಕಂಪನಿಯೇ ಇಂಥ ಸೌಲಭ್ಯ ಕೊಡುವವರೆಗೆ ನಾವು ಕಾಯುವುದಿಲ್ಲ ಎಂಬುದು ಅವರ ಘೋಷಣೆಯಾಗಿತ್ತು. ಕಂಪನಿ ಅದನ್ನು ಕೊಟ್ಟಿತು ಕೂಡ, ಸ್ವಲ್ಪ ತಡವಾಗಿ.

ನೈಟ್‌ಸ್ಕೌಟ್‌ನಲ್ಲಿ ನನಗೆ ಮುಖ್ಯವಾಗಿ ಕಾಣುವುದು ಒಂದು ಸಣ್ಣ ಅಂಶ. ಶುಗರ್ ಇಳಿದರೆ, ಏರಿದರೆ ಅಲಾರಂ ಹೊಡೆಯುವುದು ಸರಿಯೇ. ಹದಿನೈದು ನಿಮಿಷ ಹೊಸ ಅಂಕಿ ಬಾರದಿದ್ದರೂ ಅದು ಎಚ್ಚರಿಸುತ್ತದೆ, ಅರ್ಧ ಗಂಟೆಯಾದರೆ ತುರ್ತು ಎನ್ನುತ್ತದೆ. ಇದನ್ನು ಬರೆದವರಿಗೆ ಸುಮ್ಮನಿರುವ ಫೋನ್ ಎಂದರೆ ಮಗು ಕ್ಷೇಮ ಎಂದಲ್ಲ, ಎಲ್ಲೋ ತಂತಿ ಕಡಿದಿರಬಹುದು ಎಂದು ಗೊತ್ತಿತ್ತು. 2019ರ ನವೆಂಬರ್ ಕೊನೆಯ ವಾರಾಂತ್ಯದಲ್ಲಿ ಇದರ ಉಲ್ಟಾ ನಡೆಯಿತು. ಡೆಕ್ಸ್‌ಕಾಮ್ ಕಂಪನಿಯ ಸ್ವಂತ ‘ಫಾಲೋ’ ಸೇವೆ ರಾತ್ರೋರಾತ್ರಿ ನಿಂತುಹೋಯಿತು. ಮಕ್ಕಳ ಮೈಮೇಲಿನ ಸೆನ್ಸರ್‌ಗಳು ಅಳೆಯುತ್ತಲೇ ಇದ್ದವು. ದೂರದಲ್ಲಿದ್ದ ತಂದೆತಾಯಂದಿರ ಫೋನಿಗೆ ಮಾತ್ರ ಎಚ್ಚರಿಕೆ ತಲುಪುತ್ತಿರಲಿಲ್ಲ. ಎಚ್ಚರಿಕೆ ಬಂದಿಲ್ಲವಾದ್ದರಿಂದ ಎಲ್ಲ ಸರಿಯಿದೆ ಎಂದೇ ಅವರು ಮಲಗಿದ್ದರು. ಸೇವೆ ನಿಂತಿದೆಯೆಂಬ ಪ್ರಕಟಣೆ ಗಂಟೆಗಟ್ಟಲೆ ತಡವಾಗಿ, ಅದೂ ಫೇಸ್‌ಬುಕ್‌ನಲ್ಲಿ ಬಂತು. ಮನೆಯ ಆರೈಕೆಗೆ ಎಪಿಐ ಕಟ್ಟುವವರೆಲ್ಲ ಮೊದಲು ಓದಬೇಕಾದ ಪ್ರಕರಣ ಇದು.

ಈಗ ಒಂದು ಬಿಪಿ ರೀಡಿಂಗ್‌ನ ಹಿಂದೆಯೇ ಹೊರಟು ನೋಡೋಣ. ಬ್ಲೂಟೂತ್ ಇರುವ ಬಿಪಿ ಮಷಿನ್‌ಗಳಿಗೆ ಒಂದು ಸಾಮಾನ್ಯ ಒಪ್ಪಂದವಿದೆ. ಮಷಿನ್ ಫೋನಿಗೆ ಕಳಿಸುವ ಪುಟ್ಟ ಪೊಟ್ಟಣದಲ್ಲಿ ಮೇಲಿನ ಅಂಕಿ, ಕೆಳಗಿನ ಅಂಕಿಗಳ ಜೊತೆಗೆ ನಾಡಿ, ಸಮಯ, ಬಳಸಿದವರ ಗುರುತು ಮತ್ತು ಅಳೆದಾಗಿನ ಸ್ಥಿತಿ ಇವುಗಳಿಗೂ ಜಾಗವಿದೆ. ಸ್ಥಿತಿ ಎಂದರೆ ಪಟ್ಟಿ ಸಡಿಲವಾಗಿತ್ತೆ, ಕೈ ಅಲುಗಾಡಿತೆ, ನಾಡಿ ತಾಳತಪ್ಪಿತ್ತೆ ಎಂಬ ಗುರುತುಗಳು. ಎಷ್ಟೋ ಆ್ಯಪ್‌ಗಳು ಇದನ್ನೆಲ್ಲ ಅಲ್ಲೇ ಬಿಸಾಕಿ 150/90 ಎಂಬುದನ್ನು ಮಾತ್ರ ಮುಂದೆ ಕಳಿಸುತ್ತವೆ. ಸಡಿಲ ಪಟ್ಟಿಯ 150 ಮತ್ತು ಸರಿಯಾಗಿ ಕಟ್ಟಿದ 150 ದೂರದ ಡಾಕ್ಟರಿಗೆ ಒಂದೇ ಆಗಿ ಕಾಣುತ್ತವೆ.

ಇದಕ್ಕಿಂತ ದೊಡ್ಡ ತಾಪತ್ರಯ ಬಳಸಿದವರ ಗುರುತಿನದು. ನಮ್ಮ ಮನೆಗಳಲ್ಲಿ ಬಿಪಿ ಮಷಿನ್ ಒಬ್ಬರ ಸ್ವತ್ತಲ್ಲ. ಅಜ್ಜಿ ನೋಡಿಕೊಂಡ ಮೇಲೆ ಅಜ್ಜ ಕೈ ಚಾಚುತ್ತಾರೆ, ಆಮೇಲೆ ಪಕ್ಕದ ಮನೆಯವರು ‘ನನ್ನದೂ ಒಂದ್ಸಲ ನೋಡಿಬಿಡಿ’ ಎಂದು ಕೂರುತ್ತಾರೆ. ಯಾರೂ ಯೂಸರ್ ಬಟನ್ ಒತ್ತುವುದಿಲ್ಲ. ಮೂವರ ರಕ್ತದೊತ್ತಡವೂ ಅಜ್ಜಿಯ ಖಾತೆಗೆ ಬೀಳುತ್ತದೆ. ಬೆಳಿಗ್ಗೆ 118, ಎರಡು ನಿಮಿಷ ಬಿಟ್ಟು 162 ಎಂದರೆ ಡಲ್ಲಾಸ್‌ನಲ್ಲಿರುವ ಮಗನಿಗೆ ಎದೆ ಧಸಕ್ಕೆನ್ನುತ್ತದೆ. ಬಳಸಿದವರು ಗೊತ್ತಿಲ್ಲ ಎಂದು ಹೇಳಲಿಕ್ಕೂ ಆ ಬ್ಲೂಟೂತ್ ಒಪ್ಪಂದದಲ್ಲಿ ಒಂದು ಸಂಕೇತವಿದೆ. ಎಪಿಐ ಬರೆಯುವವರು ಅದನ್ನು ಗೌರವಿಸಿ, ‘ಇದು ಯಾರದ್ದು?’ ಎಂದು ಅಜ್ಜಿಯ ಫೋನಿನಲ್ಲೇ ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಿದರೆ ಅರ್ಧ ಗಾಬರಿ ಅಲ್ಲೇ ಇಳಿದುಹೋಗುತ್ತದೆ.

ಸಮಯದ್ದೂ ಇದೇ ಕತೆ. ಈ ಮಷಿನ್‌ಗಳು ಕೊಡುವುದು ಗೋಡೆ ಗಡಿಯಾರದ ಸಮಯ. ಯಾವ ದೇಶದ ಸಮಯ ಎಂಬ ಮಾತಿಲ್ಲ. ಸೆಲ್ ಬದಲಿಸಿದಾಗ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಹೋಗಿ ಕೂತಿರುವುದೂ ಉಂಟು. ಸರ್ವರ್‌ಗೆ ಹೋಗುವಾಗ ಭಾರತದ ಸಮಯ ಎಂದು ಸೂಚಿಸುವ +05:30 ಸೇರಿಸದಿದ್ದರೆ ಬೆಳಗಿನ ರೀಡಿಂಗ್ ಅಮೆರಿಕದ ಫೋನಿನಲ್ಲಿ ನಡುರಾತ್ರಿಯದಾಗಬಹುದು. ಮಾತ್ರೆ ನೆನಪಿಸುವ ಆ್ಯಪ್‌ಗಳಲ್ಲಿ ಇದರ ಇನ್ನೊಂದು ಅವತಾರವಿದೆ. ಮಗ ಅಲ್ಲಿಂದಲೇ ವೇಳಾಪಟ್ಟಿ ಹಾಕಿ, ಅದು ಅವನ ಊರಿನ ಸಮಯದಲ್ಲಿ ದಾಖಲಾಗಿದ್ದರೆ, ಅಮೆರಿಕ ಮಾರ್ಚ್ ಮತ್ತು ನವೆಂಬರ್‌ನಲ್ಲಿ ಗಡಿಯಾರ ತಿರುಗಿಸಿದಾಗೆಲ್ಲ ಮೈಸೂರಿನ ಅಮ್ಮನ ಮಾತ್ರೆ ಒಂದು ಗಂಟೆ ಆಚೀಚೆ ಆಗುತ್ತದೆ.

ಇನ್ನು ನೆಟ್‌ವರ್ಕ್. ಫೋನ್ ರೀಡಿಂಗ್ ಕಳಿಸಿತು, ಸರ್ವರ್ ಬರೆದುಕೊಂಡಿತು, ‘ಸಿಕ್ಕಿತು’ ಎಂಬ 201 ಸಂಕೇತದ ಉತ್ತರ ಹೊರಡುವಷ್ಟರಲ್ಲಿ ಮಳೆಗೆ ಸಿಗ್ನಲ್ ಹೋಯಿತು ಅನ್ನಿ. ಉತ್ತರ ಬಾರದ ಫೋನ್ ಮತ್ತೆ ಕಳಿಸುತ್ತದೆ, ಸರ್ವರ್ ಮತ್ತೆ ಬರೆದುಕೊಳ್ಳುತ್ತದೆ. ಬಿಪಿ ಎರಡು ಸಲ ದಾಖಲಾದರೆ ನಷ್ಟವಿಲ್ಲ. ಇನ್ಸುಲಿನ್ ಕೊಟ್ಟದ್ದು ಎರಡು ಸಲ ದಾಖಲಾದರೆ ಮುಂದಿನ ಪಾಳಿಗೆ ಬಂದ ಹೋಂ ನರ್ಸ್ ಏನೆಂದುಕೊಳ್ಳಬೇಕು? ಪ್ರತಿ ರೀಡಿಂಗ್‌ಗೂ ಹುಟ್ಟುವಾಗಲೇ ಫೋನಿನಲ್ಲಿ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಹೊಸದಾಗಿ ಬರೆದುಕೊಳ್ಳದಂತೆ ಮಾಡುವುದು ಇದಕ್ಕೆ ಪರಿಹಾರ. ಪ್ರೋಗ್ರಾಮರ್‌ಗಳಿಗೆ ಇದು ಮೊದಲ ಪಾಠ, ಆದರೂ ಬಿಟ್ಟುಹೋಗುತ್ತದೆ.

ಸರ್ವರ್ ಒಳಗೆ ಅಂಕಿ ಯಾವ ರೂಪದಲ್ಲಿ ಕೂರಬೇಕು ಎಂಬ ಜಗಳ ಮಾತ್ರ ಒಂದು ಹಂತಕ್ಕೆ ಮುಗಿದಿದೆ ಎನ್ನಬಹುದು. 1987ರಿಂದ ಆಸ್ಪತ್ರೆಗಳ ಮಾಹಿತಿ ವಿನಿಮಯಕ್ಕೆ ನಿಯಮ ಮಾಡುತ್ತ ಬಂದ ಎಚ್‌ಎಲ್ 7 ಸಂಸ್ಥೆಯ ಹಳೆಯ ಮಾದರಿಗಳು ವೆಬ್‌ಗೆ ಒಗ್ಗುವಂಥವಲ್ಲ. ಆಸ್ಟ್ರೇಲಿಯಾದ ಗ್ರಹಾಂ ಗ್ರೀವ್ 2011ರಲ್ಲಿ ಮುಂದಿಟ್ಟ ಹೊಸ ಆಲೋಚನೆಯಿಂದ ಫೈರ್ ಎಂಬ ಮಾದರಿ ಬೆಳೆಯಿತು. ರೋಗಿ, ಉಪಕರಣ, ಅಳತೆ, ಔಷಧಿ ಹೀಗೆ ಒಂದೊಂದಕ್ಕೂ ಒಂದು ನಮೂನೆ, ಒಂದು ವಿಳಾಸ. ಕೊಡುವುದಕ್ಕೂ ತೆಗೆದುಕೊಳ್ಳುವುದಕ್ಕೂ ಅದೇ ರೆಸ್ಟ್ ಎಪಿಐ. ಬಿಪಿ ಎಂದರೆ ಯಾವ ದೇಶದಲ್ಲೂ ಗೊಂದಲವಾಗದಂತೆ ಲಾಯಿಂಕ್ ಪಟ್ಟಿಯಿಂದ ಸಂಕೇತಗಳನ್ನು ತೆಗೆದುಕೊಳ್ಳುತ್ತಾರೆ: ಬಿಪಿಗೆ 85354-9, ಅದರೊಳಗೆ ಮೇಲಿನ ಅಂಕಿಗೆ 8480-6, ಕೆಳಗಿನದಕ್ಕೆ 8462-4. ಅಳತೆ ಸಿಗದಿದ್ದರೆ ಯಾಕೆ ಸಿಗಲಿಲ್ಲ ಎಂದು ಬರೆಯುವುದಕ್ಕೂ ಈ ನಮೂನೆಯಲ್ಲಿ ಒಂದು ಜಾಗವಿದೆ. ಅದನ್ನು ತುಂಬುವ ಮನೆ ಉಪಕರಣಗಳು ಅಪರೂಪ.

ಭಾರತದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆಲ್ಲ ಜಾರಿಯಾದಾಗ ಫೈರ್‌ನ ನಾಲ್ಕನೆಯ ಆವೃತ್ತಿಯನ್ನೇ ಆರಿಸಿಕೊಂಡಿತು. ಆಸ್ಪತ್ರೆಯಲ್ಲಿ ಕೊಡುವ ಹದಿನಾಲ್ಕು ಅಂಕಿಯ ಆಭಾ ಸಂಖ್ಯೆ ಈ ವ್ಯವಸ್ಥೆಯದೇ. ನಮ್ಮ ದಾಖಲೆಯನ್ನು ಯಾರು, ಯಾವ ಕಾರಣಕ್ಕೆ, ಯಾವ ಅವಧಿಯದನ್ನು, ಎಲ್ಲಿಯವರೆಗೆ ನೋಡಬಹುದು ಎಂದು ಒಪ್ಪಿಗೆ ಕೊಟ್ಟ ಮೇಲೆಯೇ ಅದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ. ಡಿಸ್ಚಾರ್ಜ್ ಸಾರಾಂಶ, ಔಷಧಿ ಚೀಟಿಗಳ ಜೊತೆಗೆ ಬಿಪಿ, ತೂಕ, ನಡಿಗೆಯಂಥ ಅಳತೆಗಳಿಗೆ ‘ವೆಲ್‌ನೆಸ್ ರೆಕಾರ್ಡ್’ ಎಂಬ ಪ್ರತ್ಯೇಕ ನಮೂನೆಯೂ ಇದೆ. ಮನೆಯ ಅಳತೆ ಆಸ್ಪತ್ರೆಯ ಕಡತಕ್ಕೆ ಸೇರುವ ಅಧಿಕೃತ ಬಾಗಿಲು ಇದು. ಆದರೆ ಇದು ದಾಖಲೆ ತಲುಪಿಸುವ ವ್ಯವಸ್ಥೆ. ರಾತ್ರಿ ಎರಡು ಗಂಟೆಗೆ ಅಪ್ಪ ಬಚ್ಚಲಲ್ಲಿ ಬಿದ್ದರೆ ಸುದ್ದಿ ಮುಟ್ಟಿಸಲು ಕಟ್ಟಿದ್ದಲ್ಲ, ಅದರಿಂದ ಅದನ್ನು ನಿರೀಕ್ಷಿಸುವುದೂ ಸಲ್ಲ.

ಖಾಸಗಿ ಕಿಟಕಿಗಳ ಬಗ್ಗೆ ಹೇಳುವಾಗ ನನಗೆ ಅಷ್ಟು ಸಮಾಧಾನವಿಲ್ಲ. ಮೈಕ್ರೋಸಾಫ್ಟ್‌ನ ಹೆಲ್ತ್‌ವಾಲ್ಟ್ 2007ರಲ್ಲಿ ಬಂತು, 2019ರಲ್ಲಿ ಮುಚ್ಚಿತು. ಗೂಗಲ್ ಹೆಲ್ತ್ 2008ರಲ್ಲಿ ಬಂದು 2012ರ ಆರಂಭಕ್ಕೇ ನಿಂತಿತು. ಆಮೇಲೆ ಬಂದ ಗೂಗಲ್ ಫಿಟ್‌ನ ಎಪಿಐಗೆ 2024ರ ಮೇ ತಿಂಗಳಿಂದ ಹೊಸಬರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು. ಅದರ ಬದಲಿಗೆ ತೋರಿಸಿದ ಹೆಲ್ತ್ ಕನೆಕ್ಟ್ ಮಾಹಿತಿಯನ್ನು ಫೋನಿನೊಳಗೇ ಇಟ್ಟುಕೊಳ್ಳುತ್ತದೆ. ಆ್ಯಪಲ್‌ನ ಹೆಲ್ತ್‌ಕಿಟ್ ಕೂಡ ಹಾಗೆಯೇ, ಹೊರಗಿನಿಂದ ಕೇಳಿ ಪಡೆಯುವ ವೆಬ್ ಕಿಟಕಿ ಅದಕ್ಕಿಲ್ಲ. ಫೋನಿನಲ್ಲೇ ಇರುವುದು ಗೋಪ್ಯತೆಗೆ ಒಳ್ಳೆಯದು, ಒಪ್ಪೋಣ. ಆದರೆ ಅಮ್ಮನ ಆರೈಕೆ ಇಪ್ಪತ್ತು ವರ್ಷದ ಮಾತು, ಈ ಕಿಟಕಿಗಳ ಆಯುಸ್ಸು ಐದೋ ಹತ್ತೋ ವರ್ಷ. 2013ರಲ್ಲಿ ಪೌಲಸ್ ಸ್ಕೌಟ್ಸನ್ ಶುರುಮಾಡಿದ ಹೋಂ ಅಸಿಸ್ಟೆಂಟ್‌ನಂಥ ಮುಕ್ತ ತಂತ್ರಾಂಶ ನನಗೆ ಹಿಡಿಸುವುದು ಈ ಕಾರಣಕ್ಕೆ. ಅದು ಮನೆಯ ಪುಟ್ಟ ಕಂಪ್ಯೂಟರ್‌ನಲ್ಲೇ ಓಡುತ್ತದೆ, ಅದರ ಎಪಿಐ ಮನೆಯ ವೈಫೈ ಒಳಗೇ ಸಿಗುತ್ತದೆ, ಎಲ್ಲೋ ಕಂಪನಿ ಬಾಗಿಲು ಹಾಕಿದರೆ ನಡುಮನೆಯ ಸೆನ್ಸರ್ ಕುರುಡಾಗುವುದಿಲ್ಲ. ಅದನ್ನು ನೋಡಿಕೊಳ್ಳುವ ಒಬ್ಬ ಆಸಕ್ತ ಮನೆಯಲ್ಲಿರಬೇಕು ಎಂಬುದು ಅದರ ದೊಡ್ಡ ತೊಡಕು.

ಚಲನೆಯ, ಬಾಗಿಲಿನ ಪುಟ್ಟ ಸೆನ್ಸರ್‌ಗಳು ಹಲವು ಸಲ ಬಳಸುವುದು ಎಂಕ್ಯುಟಿಟಿ ಎಂಬ ಹಗುರ ವಿಧಾನವನ್ನು. 1999ರಲ್ಲಿ ತೈಲ ಕೊಳವೆಗಳ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲು ಮಾಡಿದ್ದು. ಅದರಲ್ಲಿ ‘ಲಾಸ್ಟ್ ವಿಲ್’ ಎಂಬ ಏರ್ಪಾಡಿದೆ. ಸೆನ್ಸರ್ ತಾನು ಸಂಪರ್ಕ ಕಳೆದುಕೊಂಡರೆ ಏನು ಸಾರಬೇಕೆಂದು ಮೊದಲೇ ಸರ್ವರ್‌ಗೆ ಹೇಳಿಟ್ಟಿರುತ್ತದೆ. ಮೌನವನ್ನು ಸುದ್ದಿಯಾಗಿಸುವ ಈ ಉಪಾಯ 2010ರಿಂದಲೂ ಪುಕ್ಕಟೆ ಸಿಗುತ್ತಿದೆ. ನೈಟ್‌ಸ್ಕೌಟ್‌ನವರಿಗೆ ಹೊಳೆದದ್ದು ಮಾರಾಟದ ಆ್ಯಪ್‌ಗಳಿಗೆ ಯಾಕೆ ಹೊಳೆಯುವುದಿಲ್ಲವೋ ತಿಳಿಯದು. ಕರೆಂಟು ಹೋದರೆ ರೂಟರ್ ಹೋಗುವ ನಮ್ಮ ಊರುಗಳಲ್ಲಿ ಇದು ಎಲ್ಲಕ್ಕಿಂತ ಮೊದಲು ಬೇಕು. ಬ್ರಿಟನ್‌ನಂಥ ದೇಶವೂ ಇದರಲ್ಲಿ ಎಡವಿದೆ. ಹಳೆಯ ತಾಮ್ರದ ಫೋನ್ ಲೈನ್‌ಗಳನ್ನು ಡಿಜಿಟಲ್ ಮಾಡುವಾಗ ವಯಸ್ಸಾದವರು ಕೊರಳಲ್ಲಿ ಹಾಕಿಕೊಳ್ಳುವ ತುರ್ತು ಬಟನ್‌ಗಳು ಕೆಲಸ ಮಾಡದ ಪ್ರಕರಣಗಳು 2023ರಲ್ಲಿ ಬೆಳಕಿಗೆ ಬಂದು, ಗಡುವನ್ನೇ 2027ರ ಜನವರಿಗೆ ಮುಂದೂಡಬೇಕಾಯಿತು.

ಇಷ್ಟೆಲ್ಲ ಕಟ್ಟಿದರೆ ಜನ ಬದುಕುತ್ತಾರೆಯೆ? ಅಧ್ಯಯನಗಳ ಉತ್ತರ ಒಂದೇ ಅಲ್ಲ, ಆದರೆ ಅವುಗಳ ನಡುವಿನ ವ್ಯತ್ಯಾಸದಲ್ಲೇ ಪಾಠವಿದೆ. ಅಮೆರಿಕದ ಟೆಲಿ ಎಚ್‌ಎಫ್ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಹೃದಯ ವೈಫಲ್ಯದ 1,653 ರೋಗಿಗಳಲ್ಲಿ ಅರ್ಧದಷ್ಟು ಮಂದಿ ದಿನವೂ ಒಂದು ಸ್ವಯಂಚಾಲಿತ ಫೋನ್ ವ್ಯವಸ್ಥೆಗೆ ಕರೆಮಾಡಿ ತೂಕ, ಲಕ್ಷಣಗಳನ್ನು ಹೇಳಬೇಕಿತ್ತು. ಆರು ತಿಂಗಳ ಕೊನೆಗೆ ಮತ್ತೆ ಆಸ್ಪತ್ರೆ ಸೇರಿದವರು ಅಥವಾ ತೀರಿಕೊಂಡವರು ಈ ಗುಂಪಿನಲ್ಲಿ ಶೇ. 52.3, ಮಾಮೂಲಿ ಆರೈಕೆಯ ಗುಂಪಿನಲ್ಲಿ ಶೇ. 51.5. ಏನೂ ಉಪಯೋಗವಾಗಲಿಲ್ಲ. ಶೇ. 14 ಮಂದಿ ಒಂದು ಸಲವೂ ಅದನ್ನು ಬಳಸಿರಲಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್, ಕೆಂಟ್, ನ್ಯೂಹ್ಯಾಮ್‌ಗಳ 3,230 ರೋಗಿಗಳ ದೊಡ್ಡ ಪ್ರಯೋಗದ ಫಲಿತಾಂಶ 2012ರಲ್ಲಿ ಬಂದಾಗ ಒಂದು ವರ್ಷದ ಸಾವು ಶೇ. 8.3ರ ಎದುರು ಶೇ. 4.6 ಎಂದು ಸಂಭ್ರಮಪಟ್ಟರು. ಮರುವರ್ಷ ಖರ್ಚಿನ ಲೆಕ್ಕ ಬಂತು. ಆರೋಗ್ಯದಿಂದ ಬಾಳುವ ಒಂದು ಹೆಚ್ಚುವರಿ ವರ್ಷಕ್ಕೆ 92,000 ಪೌಂಡ್. ಸಂಭ್ರಮ ಇಳಿಯಿತು.

ಜರ್ಮನಿಯ ಪ್ರಯೋಗ ಬೇರೆಯೇ ಆಯಿತು. ಬರ್ಲಿನ್‌ನ ಶಾರಿಟೇ ಆಸ್ಪತ್ರೆಯವರು 1,571 ಹೃದ್ರೋಗಿಗಳಲ್ಲಿ ಅರ್ಧದಷ್ಟು ಮಂದಿಯ ತೂಕ, ಬಿಪಿ, ಇಸಿಜಿಗಳನ್ನು ದಿನವೂ ತರಿಸಿಕೊಂಡರು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹೃದಯದ ಕಾರಣಕ್ಕೆ ಹಠಾತ್ತಾಗಿ ಆಸ್ಪತ್ರೆ ಸೇರಿ ಅಥವಾ ಸಾವಿನಿಂದ ಕಳೆದುಹೋದ ದಿನಗಳು ಮಾಮೂಲಿ ಆರೈಕೆಯವರಲ್ಲಿ ಶೇ. 6.64 ಇದ್ದರೆ ಇವರಲ್ಲಿ ಶೇ. 4.88 ಇದ್ದವು, ಸಾವುಗಳೂ ಕಡಿಮೆಯಾಗಿದ್ದವು. ಅಲ್ಲಿ ಅಂಕಿಗಳ ಆ ತುದಿಯಲ್ಲಿ ಹಗಲೂ ರಾತ್ರಿ ಡಾಕ್ಟರು, ನರ್ಸುಗಳು ಕೂತಿದ್ದರು. ಅಂಕಿ ಕೆಟ್ಟರೆ ರೋಗಿಗೆ ಫೋನ್ ಮಾಡುತ್ತಿದ್ದರು, ಔಷಧಿ ಬದಲಿಸುತ್ತಿದ್ದರು. 2020ರ ಡಿಸೆಂಬರ್‌ನಲ್ಲಿ ಜರ್ಮನಿ ಇದನ್ನು ಸರ್ಕಾರಿ ಆರೋಗ್ಯ ವಿಮೆಯ ಒಳಗೆ ತಂದಿತು. ಟೆಲಿ ಎಚ್‌ಎಫ್‌ನಲ್ಲೂ ಕ್ಲಿನಿಕ್‌ನವರು ವರದಿ ನೋಡುತ್ತಿದ್ದರು, ಆದರೆ ತಮ್ಮ ಉಳಿದ ಕೆಲಸಗಳ ನಡುವೆ. ಎರಡು ಪ್ರಯೋಗಗಳ ನಡುವೆ ಯಂತ್ರಗಳೂ ಸುಧಾರಿಸಿದ್ದವು, ನಿಜ. ನನ್ನ ಮಟ್ಟಿಗೆ ತೂಕವಿರುವುದು ಆ ಡಾಕ್ಟರು, ನರ್ಸುಗಳು ಕೂತ ಕುರ್ಚಿಗಳಿಗೆ.

ಯಂತ್ರವೇ ತಪ್ಪು ಅಳೆದರೆ ಎಪಿಐ ಆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ತಲುಪಿಸುತ್ತದೆ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಪಲ್ಸ್ ಆಕ್ಸಿಮೀಟರ್ ಕಪ್ಪು ಚರ್ಮದವರಲ್ಲಿ ಆಮ್ಲಜನಕದ ಕೊರತೆಯನ್ನು ಬಿಳಿಯರಲ್ಲಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿ ಗುರುತಿಸದೇ ಬಿಡುತ್ತದೆ ಎಂದು 2020ರ ಕೊನೆಯಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ತೋರಿಸಿದರು. ನಮ್ಮ ಜನರ ಬಣ್ಣವನ್ನು ನೆನಪಿಟ್ಟುಕೊಂಡು ಆ ಅಂಕಿಗೆ ಅಲಾರಂ ಮಿತಿ ಇಡಬೇಕು.

ಇನ್ನು ಗೋಪ್ಯತೆಯ ಮಾತು. ಎಪಿಐಗಳಲ್ಲಿ ಅತಿ ಹೆಚ್ಚು ಅಪಾಯದ ದೋಷ ಯಾವುದೆಂದು ವೆಬ್ ಸುರಕ್ಷತೆಯ ಕೆಲಸ ಮಾಡುವ ಓವಾಸ್ಪ್ ಸಂಸ್ಥೆ 2019ರಲ್ಲಿ, ಮತ್ತೆ 2023ರಲ್ಲಿ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಒಂದಕ್ಕೇ ಹೋಯಿತು: ವಿಳಾಸದ ಕೊನೆಯ 1041 ಎಂಬುದನ್ನು 1042 ಮಾಡಿದರೆ ಬೇರೆಯವರ ಕಡತ ತೆರೆದುಕೊಳ್ಳುವುದು. ಒಳಗೆ ಬಂದವರು ಯಾರೆಂದು ನೋಡಿರುತ್ತಾರೆ, ಕೇಳಿದ ಕಡತ ಅವರದೇ ಏನು ಎಂದು ನೋಡಿರುವುದಿಲ್ಲ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯ ಬಗ್ಗೆ ಸ್ಪಷ್ಟವಾಗಿದೆ. ಕಾಯ್ದೆ ಮುಟ್ಟದ ಪ್ರಶ್ನೆ ಮನೆಯೊಳಗಿನದು. ಬಾಗಿಲಿನ ಸೆನ್ಸರ್ ಅಮ್ಮ ರಾತ್ರಿ ಎಷ್ಟು ಸಲ ಬಚ್ಚಲಿಗೆ ಹೋದರು, ಯಾರಾದರೂ ಬಂದಾಗ ಎಷ್ಟು ಹೊತ್ತು ಬಾಗಿಲು ತೆರೆದಿತ್ತು ಎಂಬುದನ್ನೆಲ್ಲ ಹೇಳುತ್ತದೆ. ಹಾಕಿಸುವ ಮುನ್ನ ಅಮ್ಮನನ್ನು ಕೇಳಿದವರು ಎಷ್ಟು ಮಂದಿ? ಕ್ಯಾಮೆರಾ ಬೇಡ ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ಉಳಿದ ಸೆನ್ಸರ್‌ಗಳಿಗೂ ಒಂದು ಆಫ್ ಸ್ವಿಚ್ ಅವರ ಕೈಗೆ ಎಟುಕುವಂತಿರಬೇಕು.

ಕೊನೆಯ ಕೊಂಡಿ ಎಚ್ಚರಿಕೆಯದು. ಭಾರತದಲ್ಲಿ ಸಂಸ್ಥೆಯೊಂದು ಎಸ್‌ಎಂಎಸ್ ಕಳಿಸಬೇಕಾದರೆ ಟ್ರಾಯ್‌ನ 2018ರ ನಿಯಮದಂತೆ ಕಳಿಸುವವರ ಹೆಸರು, ಸಂದೇಶದ ಒಕ್ಕಣೆ ಎರಡನ್ನೂ ಮೊದಲೇ ನೋಂದಾಯಿಸಿರಬೇಕು; ಇಲ್ಲದಿದ್ದರೆ ‘ಅಪ್ಪ ಬಿದ್ದಿದ್ದಾರೆ’ ಎಂಬ ಸಂದೇಶ ದಾರಿಯಲ್ಲೇ ತಡೆಹಿಡಿಯಲ್ಪಡುತ್ತದೆ. ತಲುಪಿದರೂ ಯಾರಿಗೆ ತಲುಪಬೇಕು? ಇಲ್ಲಿ ರಾತ್ರಿ ಎರಡು ಗಂಟೆಯಾದಾಗ ಡಲ್ಲಾಸ್‌ನಲ್ಲಿ ನಡುಹಗಲು ದಾಟಿರುತ್ತದೆ. ಮಗ ಎಚ್ಚರವಾಗಿಯೇ ಇರುತ್ತಾನೆ, ಆದರೆ ಸುಮಾರು ಹದಿನೈದು ಸಾವಿರ ಕಿಲೋಮೀಟರ್ ಆಚೆ. ಗೋಡೆಯಾಚೆ ಮಲಗಿರುವ ಪಕ್ಕದ ಮನೆಯವರಿಗೆ ಸುದ್ದಿಯೇ ಇರುವುದಿಲ್ಲ. ಎಚ್ಚರಿಕೆಯ ಪಟ್ಟಿಯಲ್ಲಿ ಮೊದಲ ಹೆಸರು ಹತ್ತು ನಿಮಿಷದಲ್ಲಿ ಬಾಗಿಲು ತೆರೆಯಬಲ್ಲವರದಾಗಿರಬೇಕು, ಅವರ ಬಳಿ ಮನೆಯ ಇನ್ನೊಂದು ಕೀಲಿ ಇರಬೇಕು. ಅವರು ಫೋನೆತ್ತದಿದ್ದರೆ ಎರಡನೆಯವರು, ಆಮೇಲೆ 108. ಮಗನ ಹೆಸರು ಅದಾದ ಮೇಲೆ ಬರಲಿ.

ಹಾಗಾಗಿ ಇಂಥದ್ದನ್ನು ಕೊಳ್ಳಲು ಹೊರಟವರು ಮಾರುವವರನ್ನು ಎಪಿಐ ಬಗ್ಗೆ ಹೆಚ್ಚು ಕೇಳುವುದು ಬೇಡ. ಎಲ್ಲ ಜೋಡಿಸಿದ ಮೇಲೆ, ದುಡ್ಡು ಕೊಡುವ ಮೊದಲು, ಅವರೆದುರಿಗೇ ರೂಟರ್‌ನ ಸ್ವಿಚ್ ಆರಿಸಿ. ಕಾಫಿ ಕುಡಿಯುತ್ತ ಅರ್ಧ ಗಂಟೆ ಕೂತಿರಿ. ಪಕ್ಕದ ಮನೆಯವರ ಫೋನ್ ರಿಂಗಾದರೆ ಕೊಳ್ಳಿ, ಇಲ್ಲದಿದ್ದರೆ ವಾಪಸು ಕೊಟ್ಟು ಕಳಿಸಿ.